ಕಾಣದ ಬೆಳಕನ್ನು ಓದುವುದು

ತುಂಗೆಯ ಮೇಲುಕಣಿವೆಯ ಹಳ್ಳಿಯೊಂದರ ಶಾಲೆಯಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಲಿಖಿತ ರೂಪ



ಕಾಡು, ನೀರು, ಮಣ್ಣುಗಳ ವಿಷಯ ಕೇಳಲೆಂದು ಬಂದವರ ಮುಂದೆ ಹಳೆಯ ಟಿ.ವಿ. ರಿಮೋಟೊಂದನ್ನು ಹಿಡಿದು ನಿಂತಿದ್ದೇನೆ. ಮಣ್ಣಿನ ವಿಜ್ಞಾನ ಓದಿದವನಿಗೆ ಇದೇನು ಹುಚ್ಚು ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಈ ರಿಮೋಟು, ನಮ್ಮ ಊರಿನ ಮಳೆನೀರು ಮತ್ತು ಇಲ್ಲಿಂದ ಬಹುದೂರದ ರಾಯಚೂರು ಜಿಲ್ಲೆಯ ಹೊಲ, ಈ ಮೂರೂ ಒಂದೇ ಕಥೆಯಲ್ಲಿ ಸೇರಿಕೊಂಡಿವೆ. ಆ ಕಥೆಯನ್ನೇ ಇಂದು ಹೇಳಬೇಕೆಂದಿದ್ದೇನೆ.

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಗಳಲ್ಲಿ ರೈತರೊಡನೆ ಸವಳು-ಜವಳು ಭೂಮಿಯ ಕುರಿತು ಮಾತನಾಡಲು ನಾನು ಹೋಗಿದ್ದೆ. ಹಳೆಯ ಲ್ಯಾಪ್‌ಟಾಪಿನಲ್ಲಿದ್ದ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸುತ್ತ ವಿವರಿಸುವುದು ನನ್ನ ಕೆಲಸ. ಇಂಥ ಸಭೆಗಳಲ್ಲಿ ನಾನು ಕಂಡ ಒಂದು ತೊಡಕುಂಟು. ಚಿತ್ರ ಬದಲಿಸಲು ಮಾತನಾಡುವವನು ಗಣಕಯಂತ್ರದ ಪಕ್ಕಕ್ಕೇ ಅಂಟಿಕೊಂಡಿರಬೇಕಾಗುತ್ತದೆ. ರೈತರೋ ಹಿಂದಿನ ಬಾಗಿಲ ಬಳಿ, ಗೋಡೆಗೆ ಒರಗಿ ಕುಳಿತಿರುತ್ತಾರೆ. ನಡುವೆ ಇಪ್ಪತ್ತು ಅಡಿ ಅಂತರ. ಆ ಅಂತರ ಇರುವವರೆಗೂ ಅದು ಭಾಷಣವಾಗುತ್ತದೆಯೇ ಹೊರತು ಮಾತುಕತೆಯಾಗುವುದಿಲ್ಲ. ಅವರ ನಡುವೆ ಕುಳಿತುಕೊಂಡೇ ಚಿತ್ರ ಬದಲಿಸುವಂತಾದರೆ ಎಂಬ ಆಸೆಯಿಂದ, ಎಸೆದಿದ್ದ ರಿಮೋಟಿನ ಮಾತನ್ನು ಗಣಕಕ್ಕೆ ಕೇಳಿಸುವ ಪುಟ್ಟ ಸಾಧನವೊಂದನ್ನು ಮನೆಯಲ್ಲೇ ಮಾಡಿಕೊಂಡೆ.

ಅಂಗಡಿಯಲ್ಲಿ ಇಂಥದು ಸಿದ್ಧವಾಗಿ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಸಿಗುತ್ತದೆ. ಹಾಗಾದರೆ ಮಾಡಿಕೊಳ್ಳುವುದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಮಾತಿನ ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಕಾಣದ ಬೆಳಕಿನ ಮಾತು. 1800ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಏಳು ಬಣ್ಣಗಳಾಗಿ ಬಿಡಿಸಿ, ಬೇರೆ ಬೇರೆ ಬಣ್ಣಗಳಲ್ಲಿ ಉಷ್ಣಮಾಪಕವನ್ನಿಟ್ಟು ನೋಡಿದ. ಕೆಂಪು ಮುಗಿದು, ಕಣ್ಣಿಗೆ ಏನೂ ಕಾಣದ ಜಾಗದಲ್ಲಿಯೂ ಪಾದರಸ ಮೇಲೇರಿತು. ಕೆಂಪಿನ ಆಚೆ ಇನ್ನೊಂದು ಬೆಳಕಿದೆ, ಅದನ್ನು ನಮ್ಮ ಕಣ್ಣು ಅರಿಯದು ಎಂಬುದು ಹೀಗೆ ತಿಳಿಯಿತು. ಅದೇ ಅವಕೆಂಪು ಕಿರಣ. ರಿಮೋಟಿನ ಮೂತಿಯಲ್ಲಿರುವ ಪುಟ್ಟ ದೀಪ ಉಗುಳುವುದು ಇದನ್ನೇ, ಸುಮಾರು 940 ನ್ಯಾನೊಮೀಟರ್ ತರಂಗಾಂತರದಲ್ಲಿ. ವಿದ್ಯಾರ್ಥಿಗಳೇ, ಮನೆಗೆ ಹೋದೊಡನೆ ಒಂದು ಕೆಲಸ ಮಾಡಿ. ರಿಮೋಟನ್ನು ಮೊಬೈಲಿನ ಕ್ಯಾಮರಾದ ಎದುರು ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ದೀಪ ಪರದೆಯ ಮೇಲೆ ನೇರಳೆ ಛಾಯೆಯಲ್ಲಿ ಮಿನುಗುತ್ತದೆ. ಹಿಂಬದಿಯ ಕ್ಯಾಮರಾದಲ್ಲಿ ಕಾಣದಿದ್ದರೆ ಮುಂಬದಿಯದರಲ್ಲಿ ನೋಡಿ. ಕೆಟ್ಟಿದೆಯೆಂದು ಎಸೆದ ರಿಮೋಟು ನಿಜವಾಗಿಯೂ ಕೆಟ್ಟಿದೆಯೇ ಎಂಬುದನ್ನೂ ಹೀಗೆಯೇ ಪರೀಕ್ಷಿಸಬಹುದು.

ಇಲ್ಲೊಂದು ಸಮಸ್ಯೆ ಇದೆ. ಬಿಸಿಲು, ಒಲೆ, ಹಳೆಯ ತಂತಿ ಬಲ್ಬು, ನಮ್ಮ ನಿಮ್ಮ ಮೈ, ಎಲ್ಲವೂ ಅವಕೆಂಪು ಕಿರಣಗಳನ್ನು ಸೂಸುತ್ತಲೇ ಇರುತ್ತವೆ. ಈ ಸಂತೆಯಲ್ಲಿ ರಿಮೋಟಿನ ಪಿಸುಮಾತು ಕೇಳುವುದು ಹೇಗೆ? ಜಾತ್ರೆಯ ಗದ್ದಲದಲ್ಲಿ ಸಾವಿರ ಜನ ಕೂಗುತ್ತಿದ್ದರೂ ನಮ್ಮೂರ ಡೊಳ್ಳಿನ ತಾಳವನ್ನು ನಾವು ಗುರುತು ಹಿಡಿಯುತ್ತೇವಲ್ಲವೇ? ರಿಮೋಟು ಮಾಡುವುದೂ ಅದನ್ನೇ. ಅದು ತನ್ನ ಬೆಳಕನ್ನು ಸೆಕೆಂಡಿಗೆ 38,000 ಬಾರಿ ಹೊತ್ತಿಸಿ ಆರಿಸುತ್ತದೆ. ಗ್ರಾಹಕವು ಆ ತಾಳಕ್ಕೆ ಮಾತ್ರ ಕಿವಿಗೊಡುತ್ತದೆ. ಬಿಸಿಲಿಗೆ ತಾಳವಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬಹಳಷ್ಟು ರಿಮೋಟುಗಳು ಬಳಸುವ ಎನ್‌ಇಸಿ ಎಂಬ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡಿನ ದೀರ್ಘ ಮಿಡಿತ, ಆಮೇಲೆ 4.5 ಮಿಲಿಸೆಕೆಂಡಿನ ಮೌನ. ಇದು ‘ಕೇಳಿಸಿಕೋ’ ಎಂಬ ಕರೆ. ಅನಂತರ 32 ಅಕ್ಷರಗಳ ಸಂದೇಶ. ಪ್ರತಿಯೊಂದು ಅಕ್ಷರವೂ ಒಂದು ಕಿರುಮಿಡಿತ ಮತ್ತು ಅದರ ನಂತರದ ಒಂದು ಮೌನ. ಮೌನ ಚಿಕ್ಕದಾದರೆ ಸೊನ್ನೆ, ಅದರ ಮೂರರಷ್ಟು ಉದ್ದವಾದರೆ ಒಂದು. ಅರ್ಥವಿರುವುದು ಸದ್ದಿನಲ್ಲಿ ಅಲ್ಲ, ಸದ್ದುಗಳ ನಡುವಿನ ಮೌನದಲ್ಲಿ. ಅದೂ ಸಾಲದೆಂಬಂತೆ, ಪ್ರತಿ ಆಜ್ಞೆಯನ್ನೂ ಒಮ್ಮೆ ನೇರವಾಗಿ, ಇನ್ನೊಮ್ಮೆ ತಲೆಕೆಳಗಾಗಿ ಹೇಳಲಾಗುತ್ತದೆ. ಎರಡೂ ತಾಳೆಯಾದರೆ ಮಾತ್ರ ಮಾತು ಪ್ರಮಾಣ. ದವಸ ಅಳೆಯುವವರು ಅನುಮಾನ ಬಂದಾಗ ಮರಳಿ ಅಳೆದು ನೋಡುವಂಥ ಎಚ್ಚರವಿದು.

ಇನ್ನು ಸಾಧನದ ಮಾತು. ವಿದ್ಯಾರ್ಥಿಗಳು ಬರೆದುಕೊಳ್ಳಬಹುದು.

ಬೇಕಾದದ್ದು ಇಷ್ಟೇ: ಟಿಎಸ್‌ಒಪಿ 1738 ಜಾತಿಯ, 38 ಕಿಲೋಹರ್ಟ್ಸ್‌ನ ಮೂರು ಕಾಲಿನ ಗ್ರಾಹಕ ಒಂದು. 5 ವೋಲ್ಟ್ ನೀಡುವ 78ಎಲ್05 ಎಂಬ ನಿಯಂತ್ರಕ ಒಂದು. 1ಎನ್4148 ಡಯೋಡ್ ಒಂದು. 4.7 ಕಿಲೋಓಮ್ ರೋಧಕ ಒಂದು. 4.7 ಮೈಕ್ರೋಫ್ಯಾರಡ್ ಧಾರಕ ಒಂದು. ಹಳೆಯ ಗಣಕಗಳ ಬೆನ್ನಿನಲ್ಲಿರುವ ಒಂಬತ್ತು ಮುಳ್ಳಿನ ಸೀರಿಯಲ್ ಪೋರ್ಟಿಗೆ ಹೊಂದುವ ಒಂಬತ್ತು ರಂಧ್ರದ ಕನೆಕ್ಟರ್ ಒಂದು. ಜೊತೆಗೆ ತಂತಿ, ಬೆಸುಗೆಯ ಕಡ್ಡಿ. ಗ್ರಾಹಕವನ್ನಂತೂ ಸತ್ತ ಟಿ.ವಿ. ಅಥವಾ ಡಿಶ್ ಪೆಟ್ಟಿಗೆಯ ಮುಂಭಾಗದಿಂದಲೇ ಬಿಚ್ಚಿಕೊಳ್ಳಬಹುದು. ಆದರೆ ಗಾಜಿನ ದೊಡ್ಡ ಕೊಳವೆಯಿರುವ ಹಳೆಯ ಟಿ.ವಿ.ಯನ್ನು ಮಕ್ಕಳು ತೆರೆಯಕೂಡದು. ಆರಿಸಿಟ್ಟ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಆ ಕೆಲಸ ಬಲ್ಲವರಿಗೇ ಇರಲಿ.

ಜೋಡಣೆ ಹೀಗೆ. ಪೋರ್ಟಿನ ಏಳನೆಯ ಮುಳ್ಳಿನಿಂದ ವಿದ್ಯುತ್ತನ್ನು ಪಡೆದು, ಡಯೋಡಿನ ಮೂಲಕ ನಿಯಂತ್ರಕದ ಒಳಗಾಲಿಗೆ ಕೊಡಬೇಕು. ಡಯೋಡಿನ ಪಟ್ಟೆಯಿರುವ ತುದಿ ನಿಯಂತ್ರಕದ ಕಡೆಗಿರಲಿ. ನಿಯಂತ್ರಕದ ನಡುಗಾಲು ಮತ್ತು ಗ್ರಾಹಕದ ಭೂಕಾಲು ಎರಡೂ ಪೋರ್ಟಿನ ಐದನೆಯ ಮುಳ್ಳಿಗೆ ಸೇರಬೇಕು. ನಿಯಂತ್ರಕದ ಹೊರಗಾಲಿನಿಂದ ಬರುವ 5 ವೋಲ್ಟ್ ಗ್ರಾಹಕದ ವಿದ್ಯುತ್ ಕಾಲಿಗೆ. ಆ 5 ವೋಲ್ಟಿಗೂ ಭೂಮಿಗೂ ನಡುವೆ ಧಾರಕ, ಅದರ ಕೂಡು ಚಿಹ್ನೆಯ ಕಾಲು 5 ವೋಲ್ಟಿನ ಕಡೆಗೆ. ಗ್ರಾಹಕದ ಮಾತು ಹೊರಬರುವ ಕಾಲು ಪೋರ್ಟಿನ ಒಂದನೆಯ ಮುಳ್ಳಿಗೆ. ಆ ಕಾಲಿಗೂ 5 ವೋಲ್ಟಿಗೂ ನಡುವೆ ರೋಧಕ. ಇಷ್ಟಕ್ಕೆ ಮುಗಿಯಿತು. ಎಲ್ಲವೂ ಒಂದು ಬೆಂಕಿಪೊಟ್ಟಣದಲ್ಲಿ ಅಡಗುತ್ತದೆ.

ಮುಗಿಯಿತು ಎಂದೆ, ಆದರೆ ನನಗೆ ಮೊದಲ ಸಲ ಮುಗಿಯಲಿಲ್ಲ. 7805 ಎಂಬ ದೊಡ್ಡ ನಿಯಂತ್ರಕದ ಕಾಲುಗಳ ಕ್ರಮ ನನಗೆ ಬಾಯಿಪಾಠವಾಗಿತ್ತು. ಚಿಕ್ಕ 78ಎಲ್05ರ ಚಪ್ಪಟೆ ಮುಖವನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿದರೆ ಎಡಗಾಲು ಹೊರಕ್ಕೆ, ಬಲಗಾಲು ಒಳಕ್ಕೆ. ದೊಡ್ಡದರಲ್ಲಿ ಇದು ತದ್ವಿರುದ್ಧ. ನೋಡದೆಯೇ ಬೆಸೆದೆ. ಗ್ರಾಹಕ ಮೂಕವಾಯಿತು. ಡಾಕ್ಟರೇಟ್ ಪದವಿ ಅದನ್ನು ಮಾತನಾಡಿಸಲಿಲ್ಲ. ಹೊಸ ಗ್ರಾಹಕ ತಂದೆ. ಅದರಲ್ಲಿಯೂ ಎಚ್ಚರ ಬೇಕು. ಈಗ ಅಂಗಡಿಗಳಲ್ಲಿ ಸಿಗುವ 1838 ಎಂಬ ಗ್ರಾಹಕದ ಕಾಲುಗಳ ಕ್ರಮ 1738ರದ್ದಲ್ಲ. ಗಣಕಕ್ಕೆ ಸಿಕ್ಕಿಸುವ ಮೊದಲು ಪ್ರತಿ ಕಾಲನ್ನೂ ಎರಡೆರಡು ಬಾರಿ ನೋಡಿ.

ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಗಣಕಗಳಲ್ಲಿ ಈ ಮಿಡಿತಗಳನ್ನು ಓದಲು ಎಲ್‌ಐಆರ್‌ಸಿ ಎಂಬ ಉಚಿತ ತಂತ್ರಾಂಶವಿದೆ. ಸೀರಿಯಲ್ ಪೋರ್ಟನ್ನು ಅದರ ಮಾಮೂಲಿ ಚಾಲಕದಿಂದ ಮೊದಲು ಬಿಡಿಸಿಕೊಳ್ಳಬೇಕು, ಇಲ್ಲವಾದರೆ ಮಾತು ಕೇಳಿಸದು. ಬಿಡಿಸಿಕೊಂಡ ಮೇಲೆ ರಿಮೋಟಿನ ಗುಂಡಿ ಒತ್ತಿದರೆ ಪರದೆಯ ಮೇಲೆ ಮಿಡಿತ-ಮೌನಗಳ ಉದ್ದ ಸಂಖ್ಯೆಗಳಾಗಿ ಸಾಲುಗಟ್ಟುತ್ತದೆ: 9000, 4500, 560, 560, 560, 1690. ಯಾವ ಗುಂಡಿಗೆ ಯಾವ ಹೆಸರು, ಯಾವ ಹೆಸರಿಗೆ ಯಾವ ಕೆಲಸ ಎಂದು ಗೊತ್ತುಮಾಡಿಕೊಟ್ಟರೆ ಆಯಿತು, ಚಾನೆಲ್ ಗುಂಡಿ ಚಿತ್ರ ತಿರುವುತ್ತದೆ. ಸೀರಿಯಲ್ ಪೋರ್ಟ್ ಇಲ್ಲದ ಹೊಸ ಗಣಕವಾದರೆ, ಯುಎಸ್‌ಬಿಗೆ ಸಿಕ್ಕಿಸುವ ಆರ್ಡುಯಿನೊ ಜಾತಿಯ ಪುಟ್ಟ ಫಲಕಕ್ಕೆ ಇದೇ ಗ್ರಾಹಕವನ್ನು ಜೋಡಿಸಬಹುದು. ಅವುಗಳಲ್ಲಿ ಕೆಲವು ಫಲಕಗಳು ತಾವೇ ಕೀಲಿಮಣೆಯೆಂದು ಗಣಕವನ್ನು ನಂಬಿಸಬಲ್ಲವು.

ಇದನ್ನು ಹಿಡಿದು ಮೊದಲು ಸಿಂಧನೂರಿಗೆ ಹೋದೆ. ಮಧ್ಯಾಹ್ನದ ಸಭೆ. ರೈತರ ನಡುವೆ ಕುಳಿತು ಜಂಬದಿಂದ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಹತ್ತಿರ ಹೋದರೆ ಕೇಳುತ್ತಿತ್ತು, ಹಿಂದೆ ಸರಿದರೆ ಇಲ್ಲ. ತಾಳವಿಲ್ಲದ ಬಿಸಿಲನ್ನು ಗ್ರಾಹಕ ಲೆಕ್ಕಿಸದೆಂದು ಆಗ ಹೇಳಿದೆನಲ್ಲ, ಅದು ಮಲೆನಾಡಿನ ಬಿಸಿಲಿಗೆ ಸಾಕಾದ ಮಾತು. ತೆರೆದ ಬಾಗಿಲಿನಿಂದ ಸಿಂಧನೂರಿನ ಬಿಸಿಲು ನೇರವಾಗಿ ಅದರ ಮುಖಕ್ಕೆ ಬಡಿದಾಗ ಗ್ರಾಹಕ ತನ್ನ ಕಿವಿಯನ್ನೇ ಮಂದ ಮಾಡಿಕೊಂಡುಬಿಟ್ಟಿತ್ತು. ತಂದೆಯೊಡನೆ ಬಂದಿದ್ದ ಹೈಸ್ಕೂಲು ಹುಡುಗನೊಬ್ಬ ಸ್ವಲ್ಪ ಹೊತ್ತು ನೋಡಿ ಹೊರಗೆ ಹೋದ. ಬರುವಾಗ ಹನಿ ನೀರಾವರಿಯ ಕಪ್ಪು ಪೈಪಿನ ಎರಡಂಗುಲದ ತುಂಡು ತಂದು, “ಇದನ್ನ ಮುಂದ ಸಿಗಿಸ್ರಿ ಸರ, ಬಿಸಲು ಬಡಿಯಂಗಿಲ್ಲ” ಎಂದ. ಸಿಗಿಸಿದೆ. ಹಿಂದಿನ ಸಾಲಿನಿಂದ ಒತ್ತಿದರೂ ಚಿತ್ರ ತಿರುಗಿತು. ಆ ದಿನ ಆ ಸಭೆಯಲ್ಲಿ ವಿಜ್ಞಾನಿ ಯಾರೆಂಬುದರ ಬಗ್ಗೆ ನನಗೆ ಸಂಶಯ ಉಳಿಯಲಿಲ್ಲ.

ಹಾಗೆ ತಿರುಗಿದ ಚಿತ್ರವಾವುದು? ಉಪಗ್ರಹದಿಂದ ತೆಗೆದ ಕಾಲುವೆ ಪ್ರದೇಶದ ಚಿತ್ರ. 1988ರ ಮಾರ್ಚ್ 17ರಂದು ಹಾರಿದ ನಮ್ಮ ದೇಶದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮರಾಗಳಲ್ಲಿಯೇ 770ರಿಂದ 860 ನ್ಯಾನೊಮೀಟರ್‌ವರೆಗಿನ ಅವಕೆಂಪು ಬೆಳಕನ್ನು ಹಿಡಿಯುವ ಪಟ್ಟಿಯೊಂದಿತ್ತು. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಉಣ್ಣುತ್ತದೆ, ಅವಕೆಂಪನ್ನು ಹಿಂದಕ್ಕೆ ಎಸೆಯುತ್ತದೆ. ಆ ಕಾಣದ ಬೆಳಕಿಗೆ ಚಿತ್ರದಲ್ಲಿ ಕೆಂಪು ಬಣ್ಣ ಕೊಡುವುದು ವಾಡಿಕೆಯಾದ್ದರಿಂದ ಹುಲುಸಾದ ಭತ್ತದ ಗದ್ದೆ ಕಡುಗೆಂಪಾಗಿಯೂ ಉಪ್ಪು ಹೊರಹೊಮ್ಮಿದ ನೆಲ ಬಿಳಿಚಿಕೊಂಡೂ ಕಾಣುತ್ತದೆ. ರಿಮೋಟಿನ ಬೆಳಕೂ ಗದ್ದೆಯ ಆರೋಗ್ಯ ಹೇಳುವ ಬೆಳಕೂ ಒಂದೇ ಓಣಿಯ ನೆರೆಹೊರೆ. ಇದನ್ನು ಹೇಳಿದಾಗ ಅಲ್ಲಿಯವರೆಗೂ ತೂಕಡಿಸುತ್ತಿದ್ದ ಹಿರಿಯರೂ ಮುಂದಕ್ಕೆ ಸರಿದು ಕುಳಿತರು.

ಎರಡನೆಯ ಸಭೆ ಲಿಂಗಸುಗೂರಿನಲ್ಲಿ. ಅಲ್ಲಿ ಗ್ರಾಹಕದ ಕಾಲೊಂದು ಮುರಿದು, ರಿಪೇರಿ ಅಂಗಡಿಯೊಂದನ್ನು ಹುಡುಕಿಕೊಂಡು ಹೋದೆ. ಅಂಗಡಿಯ ಹಿಂದೆ ಹಳೆಯ ಫಲಕಗಳ ರಾಶಿ. ಅದರಲ್ಲಿ ಕೈಯಾಡಿಸಿ ಆತ ಎರಡು ನಿಮಿಷದಲ್ಲಿ ಗ್ರಾಹಕವನ್ನು ಬಿಚ್ಚಿಕೊಟ್ಟ. ಲಿಂಗಸುಗೂರು ತಾಲ್ಲೂಕಿನಲ್ಲೇ ಹಟ್ಟಿಯ ಚಿನ್ನದ ಗಣಿ ಇದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದ ಗಣಿಚಿನ್ನಕ್ಕೆ ಹಟ್ಟಿಯೇ ಮುಖ್ಯ ಆಧಾರವಾಯಿತು. ಅಲ್ಲಿ ನೆಲದಾಳದಿಂದ ಒಂದು ಟನ್ ಕಲ್ಲು ಮೇಲೆತ್ತಿ ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ತ್ಯಾಜ್ಯದ ದಿಬ್ಬ. ನಾವು ಎಸೆಯುವ ಮೊಬೈಲು, ಗಣಕಗಳ ಫಲಕಗಳಲ್ಲಿ, ಸಂಪರ್ಕದ ತುದಿಗಳ ಮೇಲೆ, ತೆಳುವಾಗಿ ಬಳಿದಿರುವುದೂ ಚಿನ್ನವೇ. ಟನ್ನಿಗೆ ಟನ್ ಹೋಲಿಸಿದರೆ ಆ ಕಸವೇ ಅದಿರಿಗಿಂತ ಸಿರಿವಂತ.

ಆದರೆ ಆ ಸಿರಿಯನ್ನು ಹೊರತೆಗೆಯುವ ಅಡ್ಡದಾರಿ ವಿಷದ್ದು. ತಾಮ್ರಕ್ಕಾಗಿ ತಂತಿ ಸುಟ್ಟರೆ ಅದರ ಪ್ಲಾಸ್ಟಿಕ್ಕಿನಿಂದ ಡಯಾಕ್ಸಿನ್ ಏಳುತ್ತದೆ. ಚಿನ್ನಕ್ಕಾಗಿ ಫಲಕವನ್ನು ಆಮ್ಲದಲ್ಲಿ ಅದ್ದಿದರೆ ಆ ಆಮ್ಲ ಚರಂಡಿಗೆ, ಚರಂಡಿ ಹಳ್ಳಕ್ಕೆ. ಹಳೆಯ ಬೆಸುಗೆಯಲ್ಲಿಯೂ ಟಿ.ವಿ. ಗಾಜಿನಲ್ಲಿಯೂ ಸೀಸವಿದೆ. 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿಸಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ಸಹಭಾಗಿತ್ವದ ವರದಿ ಹೇಳುತ್ತದೆ. ನಮ್ಮಲ್ಲಿ ಈ ಕಸದ ನಿಯಮಗಳು 2012ರಿಂದ ಜಾರಿಯಲ್ಲಿವೆ, 2022ರ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಬಂದಿವೆ. ನಿಯಮ ನಗರಕ್ಕೆ ಬಂದಿದೆ, ಕಸ ಹಳ್ಳಿಗೂ ಬಂದಿದೆ. ಇವೆರಡರ ನಡುವೆ ನಿಂತಿರುವವನು ಆ ರಿಪೇರಿ ಅಂಗಡಿಯವನಂಥ ಮನುಷ್ಯ. ಅವನು ಬಿಚ್ಚಿ ಬದುಕಿಸುವ ಪ್ರತಿಯೊಂದು ಬಿಡಿಭಾಗವೂ ಸುಡದೆ ಉಳಿದದ್ದು. ಪರಿಸರ ಕಾರ್ಯಕರ್ತರ ಪಟ್ಟಿಯಲ್ಲಿ ಅವನ ಹೆಸರನ್ನು ನಾವು ಬರೆಯುವುದೇ ಇಲ್ಲ.

ಮೂರನೆಯ ಸಭೆ ಮಸ್ಕಿಯಲ್ಲಿ. ಸಾಧನ ಚೆನ್ನಾಗಿ ಕೆಲಸ ಮಾಡಿತು. ನಾನು ಕೊನೆಯ ಸಾಲಿನಲ್ಲಿ ವೃದ್ಧ ರೈತರೊಬ್ಬರ ಪಕ್ಕದಲ್ಲಿ ಕುಳಿತಿದ್ದೆ. ಕೆಂಪು, ಬಿಳಿಯ ಚಿತ್ರವನ್ನು ಬಹಳ ಹೊತ್ತು ನೋಡಿದ ಅವರು ಕೇಳಿದರು: “ಈ ನೀರು ನಿಮ್ಮ ಕಡೀಂದ ಬರತೈತೇನ್ರಿ?” ಹೌದು ಎಂದೆ. “ನಿಮ್ಮಲ್ಲಿ ಸಿಹಿ ಇದ್ದದ್ದು ನಮ್ಮ ಹೊಲದಾಗ ಉಪ್ಪಾಗಿ ಕುಂತೈತಿ ನೋಡ್ರಿ.”

ನಾನು ಗಣಕದ ಪಕ್ಕದಲ್ಲೇ ನಿಂತಿದ್ದರೆ ಆ ಮಾತು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಇಷ್ಟೆಲ್ಲ ಬೆಸುಗೆ ಹಾಕಿದ್ದು ಸಾರ್ಥಕವಾದದ್ದು ಆ ಗಳಿಗೆಯಲ್ಲಿ.

ಅವರ ಮಾತಿನ ಹಿಂದಿನ ವಿಜ್ಞಾನ ಸರಳ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿ 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಲ್ಲಿ ನಿಂತು, ಎಡದಂಡೆ ಕಾಲುವೆಯಲ್ಲಿ ಸಿಂಧನೂರಿನ ಕಡೆಗೆ ಹರಿಯುತ್ತವೆ. ಕಾಲುವೆಯನ್ನು ಯೋಜಿಸಿದಾಗ ಮನಸ್ಸಿನಲ್ಲಿದ್ದದ್ದು ಬಹುಪಾಲು ಜೋಳ, ಹತ್ತಿಯಂಥ ಮಿತನೀರಿನ ಬೆಳೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಮೇಲೆ ಭತ್ತ ಬಂತು. ಎರೆಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೇರಿ, ನೆಲದೊಳಗಿನ ಲವಣವನ್ನೂ ಜೊತೆಗೆ ತಂದು, ಬಿಸಿಲಿಗೆ ನೀರು ಆವಿಯಾದಾಗ ಉಪ್ಪನ್ನು ಮೇಲೆಯೇ ಬಿಟ್ಟುಹೋಗುತ್ತದೆ. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಹೊಲ ಕೆಡುತ್ತದೆ, ಕೊನೆಯ ಭಾಗದಲ್ಲಿ ನೀರಿಲ್ಲದೆ ಒಣಗುತ್ತದೆ. ಬಸಿಗಾಲುವೆ, ಹಸಿರೆಲೆ ಗೊಬ್ಬರ, ಕ್ಷಾರವಿದ್ದಲ್ಲಿ ಜಿಪ್ಸಂ, ಮಿತವಾದ ನೀರು, ಇವು ಪರಿಹಾರಗಳು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಕುರಿತು ಬಹುಕಾಲದಿಂದ ಕೆಲಸ ನಡೆದಿದೆ.

ನಮ್ಮ ಪಾಲೂ ಇದರಲ್ಲಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಆ ಜಲಾಶಯ ಹೂಳಿನಿಂದಾಗಿ ಈಗ ಹಿಡಿಯುವುದು ಸುಮಾರು 105. ಜಲಾನಯನದ ಯಾವ ಗುಡ್ಡ ಬೋಳಾದರೂ ಅದರ ಮಣ್ಣು ಅಲ್ಲಿಗೇ ಸೇರುತ್ತದೆ. ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಂತಾಗ ನಾವು ನಮ್ಮ ಕಾಡು ಉಳಿಯಿತೆಂದು ಸಂತೋಷಪಟ್ಟೆವು. ಮಸ್ಕಿಯ ಆ ಅಜ್ಜನ ಜಲಾಶಯವೂ ಅಷ್ಟರಮಟ್ಟಿಗೆ ಉಳಿಯಿತೆಂದು ನಾವು ಯೋಚಿಸಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಆ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ತುಂಬಿ ನಿಂತಿದ್ದ ನೀರು ರೈತರ ಕಣ್ಣೆದುರೇ ಹರಿದುಹೋಯಿತು. ಕಟ್ಟುವುದಷ್ಟೇ ಸಾಧನೆಯಲ್ಲ, ಕಟ್ಟಿದ್ದನ್ನು ನೋಡಿಕೊಳ್ಳುವುದೂ ಸಾಧನೆ ಎಂಬ ಪಾಠ ಅಣೆಕಟ್ಟಿಗೂ ಒಂದೇ, ಬೆಂಕಿಪೊಟ್ಟಣದಷ್ಟು ಗಾತ್ರದ ಸಾಧನಕ್ಕೂ ಒಂದೇ.

ಮಸ್ಕಿಯಿಂದ ಹೊರಡುವ ಮೊದಲು ಅಲ್ಲಿಯ ಅಶೋಕನ ಶಾಸನವನ್ನು ನೋಡಿದೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದ ಮೇಲೂ, ಶಾಸನಗಳಲ್ಲಿದ್ದ ‘ದೇವಾನಾಂಪ್ರಿಯ’ ಯಾರೆಂಬುದಕ್ಕೆ ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬಂಡೆಯನ್ನು ಕಂಡ. ಅದರಲ್ಲಿ ಅಶೋಕನೆಂಬ ಹೆಸರೇ ಇತ್ತು. ಹುಡುಕಿದ್ದು ಚಿನ್ನ, ಸಿಕ್ಕಿದ್ದು ಹೆಸರು. ಧರ್ಮಮಾರ್ಗದಲ್ಲಿ ಮೇಲೇರುವುದು ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯನಿಗೂ ಸಾಧ್ಯ ಎಂಬುದು ಆ ಶಾಸನದ ಸಾರ.

ಈಗ ಮೊದಲು ಬಾಕಿ ಉಳಿಸಿದ ಪ್ರಶ್ನೆಗೆ ಬರುತ್ತೇನೆ. ಕೊಳ್ಳಬಹುದಾದದ್ದನ್ನು ಮಾಡಿಕೊಳ್ಳುವುದೇಕೆ? ಕೊಂಡದ್ದು ಕೆಟ್ಟರೆ ನಾವು ಎಸೆಯುತ್ತೇವೆ, ಏಕೆಂದರೆ ಅದರ ಒಳಗು ನಮಗೆ ತಿಳಿಯದು. ಮಾಡಿಕೊಂಡದ್ದು ಕೆಟ್ಟರೆ ತೆರೆದು ನೋಡುತ್ತೇವೆ. ಒಮ್ಮೆ ತೆರೆದು ನೋಡಲು ಕಲಿತ ಕೈ ರಿಮೋಟಿಗೆ ನಿಲ್ಲುವುದಿಲ್ಲ. ತನ್ನ ಹೊಲದ ಚಿತ್ರವನ್ನೂ, ಜಲಾಶಯದ ಲೆಕ್ಕವನ್ನೂ, ಸರ್ಕಾರದ ಯೋಜನಾ ವರದಿಯನ್ನೂ ಅದು ತೆರೆದು ನೋಡುತ್ತದೆ. ಓದಲು ಬಾರದ ಲಿಪಿಯಲ್ಲಿ ನಮ್ಮ ಹಣೆಬರಹ ಬರೆಯುವವರು ಎಂದೆಂದಿಗೂ ಇದ್ದಾರೆ. ಓದಲು ಕಲಿಯುವುದೊಂದೇ ನಮಗಿರುವ ದಾರಿ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಈ ಊರಿನಲ್ಲಿ ಯಾರೂ ತಂತಿಯನ್ನಾಗಲಿ ಫಲಕವನ್ನಾಗಲಿ ಸುಡದಿರಿ, ಹಳ್ಳಕ್ಕೆ ಎಸೆಯದಿರಿ. ಅವನ್ನು ಈ ಶಾಲೆಯ ಮೂಲೆಯಲ್ಲಿ ಒಂದು ಪೆಟ್ಟಿಗೆಗೆ ಹಾಕಿ. ವಿದ್ಯಾರ್ಥಿಗಳು ಬದುಕಿಸಬಹುದಾದದ್ದನ್ನು ಬದುಕಿಸಲಿ, ಉಳಿದದ್ದನ್ನು ಅಧಿಕೃತ ಮರುಬಳಕೆದಾರರಿಗೆ ಒಟ್ಟಾಗಿ ಕಳುಹಿಸೋಣ. ಶನಿವಾರ ಮಧ್ಯಾಹ್ನ ಬೆಸುಗೆಯ ಕಡ್ಡಿ ಹಿಡಿದು ನಾನು ಇಲ್ಲಿರುತ್ತೇನೆ. ಮೊದಲು ಬಂದವರಿಗೆ 78ಎಲ್05ರ ಕಾಲುಗಳ ಕ್ರಮವನ್ನು ನಾನೇ ಹೇಳಿಕೊಡುತ್ತೇನೆ. ಅದನ್ನಂತೂ ನಾನು ಇನ್ನು ಮರೆಯಲಾರೆ.

ಈ ರಿಮೋಟು ಮತ್ತು ಗ್ರಾಹಕ ಇಂದಿನಿಂದ ಶಾಲೆಗೆ ಸೇರಿದ್ದು. ಮುಂದಿನ ಕಪ್ಪು ಪೈಪಿನ ತುಂಡನ್ನು ಮಾತ್ರ ತೆಗೆಯಬೇಡಿ. ನಮ್ಮ ಮಳೆಗಾಲದಲ್ಲಿ ಅದರ ಅಗತ್ಯ ಬಾರದು, ಆದರೂ ಇರಲಿ. ಅದು ಸಿಂಧನೂರಿನ ಹುಡುಗ ಕೊಟ್ಟದ್ದು.